ಬೆಣ್ಣೆ ಹಳದಿ, ಜೇನು ಹಳದಿ

ಮದುವೆಯಾದ ಮೂವತ್ತು ವರ್ಷಗಳಲ್ಲಿ ನನ್ನ ಹೆಂಡತಿ ಸರೋಜ ಎರಡು ಸೀರೆ ಹಿಡಿದು ‘ಯಾವುದು?’ ಎಂದಾಗಲೆಲ್ಲ ನಾನು ಪೇಪರಿನಿಂದ ತಲೆಯೆತ್ತದೆ ‘ಎರಡೂ ಚೆನ್ನಾಗಿದೆ’ ಎಂದಿದ್ದೇನೆ. ನಮ್ಮ ದಾಂಪತ್ಯ ನಿಂತಿರುವುದೇ ಈ ಎರಡು ಪದಗಳ ಮೇಲೆ ಎಂದು ನಂಬಿದ್ದೆ.

ಹೋದ ವರ್ಷ ಆ ಬುನಾದಿ ಅಲುಗಾಡಿತು. ಹಿಂಬದಿಯ ಕೋಣೆಯನ್ನು ಅವಳ ಹೊಲಿಗೆಗೆಂದು ಖಾಲಿ ಮಾಡಿದೆವು. ಮಾದಾಪುರದ ಮಳೆಗಾಲದಲ್ಲಿ ಅಲ್ಲಿ ಕೂತರೆ ಮೂಗಿನ ತುದಿಯೂ ತಣ್ಣಗಾಗುತ್ತದೆ. ಅದಕ್ಕೇ ಅವಳಿಗೆ ನೋಡಿದರೇ ಬೆಚ್ಚಗೆನಿಸುವ ಹಳದಿ ಬೇಕಿತ್ತು. ಪೇಂಟರ್ ಅಬ್ಬಾಸ್ ಕಿಟಕಿಯ ಎದುರಿನ ಗೋಡೆಗೆ ಬೆಣ್ಣೆ ಹಳದಿ, ಮೂಲೆಗೆ ಜೇನು ಹಳದಿ, ಒಂದೊಂದು ತಟ್ಟೆಯಗಲ ಬಳಿದು ನಿಂತ.

“ಈ ಸಲ ಎರಡೂ ಚೆನ್ನಾಗಿದೆ ಅಂದ್ರೆ ಬಿಡಲ್ಲ ಕಣ್ರೀ. ನಂದು ಅಂತ ಇರೋದು ಇದೊಂದೇ ರೂಮು. ನೋಡಿ ಹೇಳಿ,” ಎಂದಳು ಸರೋಜ.

ಮೂರು ದಿನ ನೋಡಿದೆ. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಅರಿಶಿನಕ್ಕೂ ಹಳದಿ, ಕಾಮಾಲೆಗೂ ಹಳದಿ ಎಂದು ಒಂದೇ ಮಾತಿನಲ್ಲಿ ಮುಗಿಸಿದ ನಮ್ಮ ಹಿರಿಯರೂ ನನ್ನ ಹಾಗೆ ತಲೆಯೆತ್ತದೆ ಉತ್ತರ ಕೊಟ್ಟವರೇ ಇರಬೇಕು. ಕೊನೆಗೆ ಬೆಣ್ಣೆಯೇ ಮಾಗಿದ ಕಿತ್ತಳೆಯ ಹಾಗೆ ಹೊಳೆಯುವುದು ಕಂಡಿತು. ಜೇನು ಮೂಲೆಯಲ್ಲಿ ಮಂಕಾಗಿತ್ತು.

“ಸಾರೇ, ಜೇನೇ ಬೆಚ್ಚಗೆ ಅಲ್ವಾ?” ಎಂದ ಅಬ್ಬಾಸ್.

ತೋಟದಲ್ಲಿ ಕಾಫಿ ಹಣ್ಣಿನ ಬಣ್ಣ ನೋಡಿಯೇ ಕೊಯ್ಲು ಶುರುಮಾಡಿಸುವವನಿಗೆ ಬಣ್ಣ ಹೇಳಿಕೊಡ್ತೀಯಾ ಎಂದು ಗದರಿದೆ. ನಾಲ್ಕು ಗೋಡೆಗೂ ಬೆಣ್ಣೆಯೇ ಬಿತ್ತು.

ಹದಿನೈದು ದಿನ ಕಳೆಯಿತು. ಕಿಟಕಿಯ ಹೊರಗೆ ಕಣದಲ್ಲಿ ಹರಡಿದ್ದ ಕಾಫಿ ಹಣ್ಣು ಒಣಗಿ, ಕಪ್ಪಾಗಿ, ಮೂಟೆ ಸೇರಿತು. ಅದರ ಜೊತೆಗೆ ನನ್ನ ಬಣ್ಣವೂ ಹೋಯಿತು. ಗೋಡೆಗಳು ನೀರುಮಜ್ಜಿಗೆಯ ಹಾಗೆ ಬಿಳಿಚಿಕೊಂಡವು. ನಾನು ಮೂರು ದಿನ ಮೆಚ್ಚಿ ನೋಡಿದ್ದು ಬೆಣ್ಣೆಯನ್ನಲ್ಲ, ಬಿಸಿಲಿಗೆ ಕಣದಿಂದ ಒಳಗೆ ಬೀಳುತ್ತಿದ್ದ ಹಣ್ಣಿನ ಕೆಂಪನ್ನು. ಆ ಹಣ್ಣನ್ನು ಅಲ್ಲಿ ನಿಂತು ಹರಡಿಸಿದವನೂ ನಾನೇ.

ಅಬ್ಬಾಸನನ್ನು ಮತ್ತೆ ಕರೆಸುತ್ತೇನೆ ಎಂದು ಗೊಣಗಿದೆ. ಸರೋಜ ಗೋಡೆಯನ್ನೂ ನನ್ನನ್ನೂ ಒಮ್ಮೆ ನೋಡಿ ನಕ್ಕಳು. “ಬೇಡ ಬಿಡಿ. ನೀವು ನೋಡಿ ತಪ್ಪು ಮಾಡಿದ್ದು ಇದೇ ಮೊದಲು.”

ಮಳೆಗಾಲವಿಡೀ ಅವಳು ಶಾಲು ಹೊದ್ದು ಮಿಷನ್ ತುಳಿದಳು. ನನಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಮೊನ್ನೆ ಈ ವರ್ಷದ ಮೊದಲ ಹಣ್ಣು ಕಣಕ್ಕೆ ಬಿತ್ತು. ಮಧ್ಯಾಹ್ನ ಪೇಪರ್ ಓದುತ್ತಿದ್ದೆ. ಕೋಣೆಯೊಳಗಿಂದ ಮಿಷನ್ ನಿಲ್ಲಿಸಿ ಸರೋಜ ಕೂಗಿದಳು: “ಬನ್ನಿ ಇಲ್ಲಿ, ನಿಮ್ಮ ಬಣ್ಣ ಬಂದಿದೆ!”

ಪೇಪರ್ ಮಡಿಸಿಟ್ಟು ನೋಡಲು ಎದ್ದೆ.