ಮಾತಿನ ಮೇಲೆ ಮಿರ್ಚಿ

ಭಾಷಣ ಕೇಳುವ ವಿದ್ಯೆ ನನಗೆ ಚೆನ್ನಾಗಿ ಒಲಿದಿದೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಗಡಿಯಾಚೆ ತೆಲಂಗಾಣದ ಮಕ್ತಲ್‌ನ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಸಭೆಗಳಲ್ಲಿ ಹಿಂದಿನ ಸಾಲಿನ ಕುರ್ಚಿ ನನ್ನದೇ. ಕಣ್ಣು ಮುಚ್ಚಿದ್ದರೂ ಚಪ್ಪಾಳೆ ತಟ್ಟಬೇಕಾದಲ್ಲಿ ಕೈ ತಾನಾಗಿ ಏಳುತ್ತಿತ್ತು. ಮುಂದೆ ಬರುವ ಮಾತು ಗೊತ್ತಿದ್ದವನು ಪೂರ್ತಿ ಎಚ್ಚರವಾಗಿ ಯಾಕಿರಬೇಕು ಹೇಳಿ. ಈ ವಿದ್ಯೆಗೆ ಬೆಲೆಯುಂಟು ಎಂದು ತಿಳಿದದ್ದು ಮಾತ್ರ ನಿವೃತ್ತನಾದ ಮೇಲೆ.

ರಾಯಚೂರಿನಿಂದ ಬಂದಿದ್ದ ಅಳಿಯ ತನ್ನ ಫೋನಿನಲ್ಲಿ ಒಂದು ಪೇಟೆ ತೋರಿಸಿದ. ಹತ್ತಿಯದಲ್ಲ, ಶೇಂಗಾದ್ದೂ ಅಲ್ಲ, ಮಾತಿನ ಪೇಟೆ. ಯಾವುದೋ ದೂರ ದೇಶದ ನಾಯಕರು ಇವತ್ತಿನ ಭಾಷಣದಲ್ಲಿ ಇಂಥ ಶಬ್ದ ಆಡುತ್ತಾರೋ ಇಲ್ಲವೋ ಎಂದು ಜನ ಹಣ ಹೂಡುತ್ತಾರಂತೆ. ಅವರು ಮೈಕಿನ ಹತ್ತಿರ ಬಂದರೆ ದರ ಏರುತ್ತದೆ, ನೀರು ಕುಡಿಯಲು ನಿಂತರೆ ಇಳಿಯುತ್ತದೆ. ಆಡಿದ್ದು ನಿಜವೋ ಸುಳ್ಳೋ ಯಾರಿಗೂ ಬೇಕಿಲ್ಲ, ಶಬ್ದ ಬಾಯಿಂದ ಹೊರಬಿದ್ದರೆ ಸಾಕು. ಇಷ್ಟು ವರ್ಷ ಬಿಟ್ಟಿಯಾಗಿ ತೂಕಡಿಸಿದೆನಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ನಮ್ಮ ಕಡೆಯ ಕುರುಬರ ಮನೆಯವರು ಮೈಲಾರಕ್ಕೆ ಹೋಗಿ ಕಾರ್ಣಿಕ ಕೇಳಿ ಬರುತ್ತಾರೆ. ಅಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಒಂದು ಸಾಲು ನುಡಿಯುತ್ತಾನೆ. ಏನು ನುಡಿಯುತ್ತಾನೆಂದು ಮೊದಲು ಯಾರಿಗೂ ಗೊತ್ತಿರುವುದಿಲ್ಲ, ನುಡಿದ ಮೇಲೆ ವರ್ಷವಿಡೀ ಅರ್ಥ ಹುಡುಕುತ್ತಾರೆ. ನಾಯಕರ ಮಾತಿನದು ತಿರುವುಮುರುವು. ಏನಂತಾರೆಂದು ಮೊದಲೇ ಎಲ್ಲರಿಗೂ ಗೊತ್ತು, ಅಂದ ಮೇಲೆ ಅರ್ಥ ಯಾರೂ ಹುಡುಕುವುದಿಲ್ಲ.

ಈ ಮಾತಿನ ಪೇಟೆಯ ಸುದ್ದಿಯನ್ನು ಖಾಸಿಂನ ಚಹಾದ ಹೋಟೆಲಿಗೆ ಒಯ್ದವನು ನಾನೇ. ಮಾರನೇ ವಾರ ನಮ್ಮ ನಾಯಕರೊಬ್ಬರು ಮಕ್ತಲ್‌ಗೆ ಬರುವವರಿದ್ದರು. ಹಣ ಬೇಡ, ಒಂದು ತಟ್ಟೆ ಮಿರ್ಚಿ ಬಜ್ಜಿ ಸಾಕೆಂದು ನಿಶ್ಚಯವಾಯಿತು. ಪಂಥ ಕಟ್ಟಿದವರು ಇಬ್ಬರು: ಖಾಸಿಂ ಮತ್ತು ಕುರಿ ವ್ಯಾಪಾರದ ಬೀರಪ್ಪ.

"ನಿಮ್ಮ ಮನಿ ಮಗ ಅಂತ ಕನ್ನಡದಾಗ ಅಂತಾರ ನೋಡ್ರಿ," ಎಂದ ಬೀರಪ್ಪ. "ವೋಟು ಕನ್ನಡದಾಗೂ ಅದಾವಲ್ಲ."

"ತೆಲುಗಿನ್ಯಾಗ ಅಂತಾರ, ಮೀ ಇಂಟಿ ಬಿಡ್ಡ ಅಂತ," ಎಂದ ಖಾಸಿಂ. "ಗದ್ವಾಲದಾಗ ಹಂಗ ಅಂದಾರಂತ, ನನ್ನ ಹೆಂಡ್ತಿ ತಮ್ಮ ಫೋನ್ ಮಾಡಿದ್ದ."

ಮನೆ ಮಗ ಅನ್ನುವುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ, ಭಾಷೆಯದಷ್ಟೇ ತಕರಾರು. ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು.

ಹೋಟೆಲಿನ ಹಿಂದಿನ ಶಾಲೆಯಲ್ಲಿ ಕನ್ನಡ ಮಕ್ಕಳಿಗೆ ಇರುವವರು ಶರಣಮ್ಮ ಟೀಚರ್ ಒಬ್ಬರೇ. ಈ ವರ್ಷ ಅವರು ನಿವೃತ್ತರಾಗುತ್ತಾರೆ. ಆ ಜಾಗಕ್ಕೆ ಬೇರೆಯವರು ಬರದಿದ್ದರೆ ಕನ್ನಡದ ತರಗತಿಗಳಿಗೆ ಬೀಗ. ಹೊಸ ಟೀಚರ್ ಬೇಕೆಂದು ಅವರು ಅರ್ಜಿ ಕೊಟ್ಟಿದ್ದರು, ಸಾಹೇಬರು ಸಭೆಯಲ್ಲೇ ಹೇಳುತ್ತಾರೆಂದು ನಾಯಕರ ಕಡೆಯವರು ಭರವಸೆ ಕೊಟ್ಟಿದ್ದರು. ಸಭೆಯ ದಿನ ಟೀಚರ್ ಹೋಟೆಲಿನ ಬಾಗಿಲಿಗೆ ಬಂದು, "ಮಕ್ಳನ್ನ ಬಿಟ್ಟು ನಾ ಬರಾಕ ಆಗಂಗಿಲ್ಲ ರಾಯರ. ನಮ್ಮ ಶಾಲಿ ಬಗ್ಗೆ ಏನಂತಾರ, ಸ್ವಲ್ಪ ಕೇಳಿ ಬರ್ರಿ," ಎಂದರು. ಅದಕ್ಕೇನಂತೆ, ನಾವು ಮೂವರೂ ಇಡೀ ಸಭೆಯಲ್ಲೇ ಎಲ್ಲರಿಗಿಂತ ಕಿವಿ ತೆರೆದು ಕೂರುವವರಲ್ಲವೇ ಎಂದೆ.

ಕಿವಿ ತೆರೆದೇ ಕೂತೆವು. ನಾಯಕರು ಮಾತನಾಡುತ್ತ ಮಾತನಾಡುತ್ತ ಎದೆಯ ಮೇಲೆ ಕೈಯಿಟ್ಟು ಆ ಮಾತು ಅಂದೇಬಿಟ್ಟರು. ಗೆದ್ದೆನೆಂದು ಬೀರಪ್ಪ ಎದ್ದ, ಗೆದ್ದೆನೆಂದು ಖಾಸಿಂ ಎದ್ದ. ಇಬ್ಬರೂ ನನ್ನ ಮುಖ ನೋಡಿದರು. ನನಗೋ ಅರ್ಥ ಚೆನ್ನಾಗಿ ಆಗಿತ್ತು, ಯಾವ ಭಾಷೆಯಲ್ಲಿ ಆಯಿತೆಂಬುದು ಮಾತ್ರ ನೆನಪಿಲ್ಲ. ನಮ್ಮ ಊರಿನವರ ಪಾಡೇ ಇದು. ಮನೆಯ ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಕಾವು ಏರಿ ಉರ್ದುವಿನಲ್ಲಿ ರಾಜಿಯಾಗುತ್ತದೆ. ಎಲ್ಲಿ ದಾಟಿದೆವೆಂದು ಕೇಳಿದರೆ ದಾಟಿದವನಿಗೇ ತಿಳಿಯದು.

ಸಭೆ ಮುಗಿಯುವವರೆಗೂ, ಹೋಟೆಲಿಗೆ ಬರುವ ದಾರಿಯಲ್ಲೂ ಇದೇ ವಾದ. ಕೊನೆಗೆ ಬೀರಪ್ಪ, ತಾನು ಫೋನಿನಲ್ಲಿ ವಿಡಿಯೊ ಹಿಡಿದದ್ದನ್ನು ನೆನಪಿಸಿಕೊಂಡು ತೆಗೆದು ತೋರಿಸಿದ. ನಾಯಕರು ಸ್ಪಷ್ಟವಾಗಿ ಅಂದಿದ್ದರು: "ನಾನು ಮೀ ಇಂಟಿ ಮಗ." ಅರ್ಧ ಕನ್ನಡ, ಅರ್ಧ ತೆಲುಗು. ಇಬ್ಬರೂ ಗೆದ್ದರು, ಇಬ್ಬರೂ ಸೋತರು. ನಗುತ್ತ ಮಿರ್ಚಿ ಹಂಚಿಕೊಳ್ಳುತ್ತಿದ್ದಾಗ ಶಾಲೆ ಬಿಟ್ಟು ಟೀಚರ್ ಬಂದರು.

"ಏನಂದ್ರು ರಾಯರ?"

ಶಾಲೆ ಎಂಬ ಶಬ್ದ ಬಂದ ಹಾಗಿತ್ತು. ಬಂದದ್ದು ನಾವು ಭಾಷೆಯ ಬಗ್ಗೆ ಜಗಳವಾಡುತ್ತಿದ್ದಾಗ. ಬೀರಪ್ಪ ಮತ್ತೆ ವಿಡಿಯೊ ಹಾಕಿದ. ಟೀಚರ್ ಫೋನನ್ನು ಕಿವಿಗೆ ಹಚ್ಚಿ ಕೇಳಿದರು. ಅದು 'ಮಗ' ಎಂಬಲ್ಲಿಗೆ ನಿಂತಿತು.

"ಮುಂದಿಂದು?"

"ನಮಗ ಅಷ್ಟ ಬೇಕಿತ್ತು, ಟೀಚರಮ್ಮ. ಬಂದ್ ಮಾಡಿದೆ," ಎಂದ ಬೀರಪ್ಪ, ತಲೆ ತಗ್ಗಿಸಿ.

ಬಾಯಲ್ಲಿದ್ದ ಬಜ್ಜಿ ನುಂಗಲು ನನಗೆ ನಾಚಿಕೆಯಾಯಿತು. ಟೀಚರ್ ಸಿಟ್ಟು ಮಾಡಿದ್ದರೆ ಹಗುರವಾಗುತ್ತಿತ್ತೇನೋ, ಮಾಡಲಿಲ್ಲ. "ಇರಲಿ ಬಿಡ್ರಿ. ಅವ್ರು ಅಂದಿದ್ರೂ ನಾನು ನಾರಾಯಣಪೇಟಿ ಜಿಲ್ಲಾ ಆಫೀಸಿಗೆ ಹೋಗಾಕ ಬೇಕಿತ್ತು, ಅನ್ನದಿದ್ರೂ ಹೋಗಾಕ ಬೇಕು. ನಾಳಿ ಒಂದಿನ ಮಕ್ಳನ್ನ ಯಾರಾರ ನೋಡ್ಕೊಂತೀರೇನು?"

ಭಾಷಣದ ಪಂಡಿತರು ಮೂವರಿದ್ದೆವು. ಮಾಡಲು ಕೆಲಸವಿಲ್ಲದವನು ನಾನೊಬ್ಬನೇ ಆದ್ದರಿಂದ ನಾನು ಒಪ್ಪಿಕೊಂಡೆ.

ಮರುದಿನ ಅವರು ಬಸ್ಸು ಹತ್ತಿದರು, ನಾನು ಶಾಲೆಗೆ ಹೋದೆ. ಜೀವಮಾನವೆಲ್ಲ ಕಡತಗಳ ಎದುರು ಕೂತವನಿಗೆ ಮಕ್ಕಳ ಎದುರು ನಿಲ್ಲುವುದು ಗೊತ್ತಿರಲಿಲ್ಲ. ಕಡತಗಳು ಮರಳಿ ಪ್ರಶ್ನೆ ಕೇಳುವುದಿಲ್ಲ. ಸಂಜೆಯ ಗಂಟೆ ಹೊಡೆಯುವಷ್ಟರಲ್ಲಿ ಗಂಟಲು ಒಣಗಿತ್ತು. ಎಲ್ಲರೂ ಓಡಿದ ಮೇಲೆ ಒಬ್ಬ ಹುಡುಗಿ ಪಾಟಿಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಳು.

"ಸರ್, ಟೀಚರ್ ಬರಲಿಲ್ಲಂದ್ರ ನಾಳಿಗೂ ನೀವು ಬರ್ತೀರೇನ್ರಿ?"

ಅಷ್ಟೊಂದು ಸಭೆಗಳನ್ನು ಕೇಳಿದವನು ನಾನು. ಇಂಥ ಪ್ರಶ್ನೆಗೆ ಉತ್ತರ ಕೊಟ್ಟಂತೆಯೂ ಕೊಡದಂತೆಯೂ ಇರುವ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.

"ಬರ್ತೀನಿ," ಎಂದೆ. ಅಂದ ಮೇಲೆ ಮರುದಿನವೂ ಶಾಲೆಗೆ ಹೋಗಲೇಬೇಕಾಯಿತು.