ಬಸವನಗುಡಿಯ ಕೊಸರು

ನಾನು ಸರಿಯಾಗಿ ತೂಗಿ ಕೊಟ್ಟರೂ ನಮ್ಮ ಮೇಜಿನ ಪೊಟ್ಟಣಗಳು ಮಾತ್ರ ತೂಕ ಜಾಸ್ತಿಯೆಂದು ಕೊನೆಯಲ್ಲಿ ತೂಕ ನೋಡುವವರಿಂದ ವಾಪಸ್ ಬರುತ್ತಿದ್ದವು. ಬಸವನಗುಡಿಯ ಕಲ್ಯಾಣ ಮಂಟಪದಲ್ಲಿ ಹಸಿದ ಮಕ್ಕಳಿಗಾಗಿ ನಾವು ಅಕ್ಕಿ-ಬೇಳೆ ತುಂಬುತ್ತಿದ್ದೆವು. ಅರ್ಧ ನಮ್ಮ ಶಾಲೆಗಳಿಗೆ, ಅರ್ಧ ಆಫ್ರಿಕಕ್ಕೆ. ತಕ್ಕಡಿ ಕೆಟ್ಟಿರಲಿಲ್ಲ. ಪೊಟ್ಟಣದ ಬಾಯಿ ಮುಚ್ಚುತ್ತಿದ್ದ ನೆರೆಮನೆಯ ಸೀತಮ್ಮನವರನ್ನೇ ಗಮನಿಸಿದೆ. ಪ್ರತಿಯೊಂದಕ್ಕೂ ಒಂದು ಹಿಡಿ ಸೇರಿಸುತ್ತಿದ್ದರು!

“ಹೀಗೆ ಹಾಕಿದ್ರೆ ಅಕ್ಕಿ ಸಾಲಲ್ವಲ್ಲ ಸೀತಮ್ಮೋರೆ?”

“ಮಕ್ಕಳಿಗೆ ಕೊಸರಿಲ್ದೆ ಕೊಡ್ತಾರೇನಮ್ಮಾ? ಇದು ನಮ್ಮನೆ ಅಕ್ಕಿ,” ಎಂದು ಕಾಲ ಬಳಿಯ ಚೀಲ ತೋರಿಸಿದರು.

ವಿಷಯ ಹೇಳಿದಾಗ ತೂಕ ನೋಡುವವರು ನಕ್ಕು, ಹಾಗೇ ಕಳಿಸಿಬಿಟ್ಟರು.

ಗಾಂಧಿಬಜಾರಿನಲ್ಲಿ ಅವರೆಕಾಯಿ ತೂಗಿದ ಮೇಲೆ ಇನ್ನೊಂದು ಹಿಡಿ ನನ್ನ ಚೀಲಕ್ಕೆ ಬಿದ್ದಾಗಲೆಲ್ಲ, ಕಾಣದ ಆ ದೂರದೂರಿನ ಮಗು ನೆನಪಾಗುತ್ತದೆ. ಅಂದು ಒಂದು ತುತ್ತು ಹೆಚ್ಚಿತ್ತೆಂದು ಅದಕ್ಕೆ ಗೊತ್ತಾಯಿತೇ?