ಬಾಯಿ ತೆರೆದ ಕಡಬು

ಎಮ್ಮೆ ಕರು ಹಾಕಿದ ಮರುದಿನ ಬೆಳಿಗ್ಗೆ ನಮ್ಮತ್ತೆ ಗಿಣ್ಣದ ಹಾಲಿನ ಚರಿಗೆಯನ್ನು ನನ್ನ ಕೈಗಿತ್ತು, "ಈ ಸಲ ನಾ ಬೇಸೂದಿಲ್ಲ. ನೀ ಕಲ್ತಿದ್ದು ಏನೋ ಐತಲ್ಲಾ, ಅದನ್ನ ಮಾಡು" ಎಂದರು. ನಮ್ಮ ಅಥಣಿ ಸೀಮೆಯಲ್ಲಿ ಗಿಣ್ಣವೆಂದರೆ ಓಣಿಯವರೆಲ್ಲ ದಾರಿ ನೋಡುವ ಸವಿ. ಕೆಟ್ಟರೆ ಮತ್ತೊಮ್ಮೆ ಸಿಗದ ಆ ಹಳದಿ ಹಾಲನ್ನು ನನಗೊಪ್ಪಿಸಿದ ಅವರ ಧೈರ್ಯಕ್ಕೆ ನಾನೇ ಬೆರಗಾದೆ.

ನಾನು ಕಲಿತದ್ದು ಕಸ್ಟರ್ಡ್ ಪೈ. ಬೆಳಗಾವಿಯಲ್ಲಿ ಗೃಹವಿಜ್ಞಾನ ಓದುವಾಗ ಕೈಗೆ ಹತ್ತಿದ ಹಳೆಯ ಕಾಲದ ಸಿಹಿ ಅದು: ಹಿಟ್ಟಿನ ಗರಿಗರಿ ಬಟ್ಟಲೊಳಗೆ ಒಣಹಣ್ಣು, ಬಾದಾಮಿ ಹರವಿ, ಮೊಟ್ಟೆ ಕದಡಿದ ಹಾಲು ಸುರಿದು, ಸಣ್ಣ ಶಾಖದಲ್ಲಿ ಬೇಯಿಸುವುದು. ಮೊಟ್ಟೆ ಹೊಸ್ತಿಲು ದಾಟದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಆದರೆ ಗಿಣ್ಣದ ಹಾಲಿಗೆ ಮೊಟ್ಟೆಯ ಹಂಗಿಲ್ಲ ನೋಡಿ. ಬಿಸಿ ತಗುಲಿದರೆ ತಾನೇ ಗಟ್ಟಿಯಾಗುತ್ತದೆ. ಒಮ್ಮೆ ಮಾತಿನ ಓಘದಲ್ಲಿ ಇದನ್ನು ಅತ್ತೆಗೆ ಹೇಳಿದ್ದೆ.

ಅಂದು ಊಟಕ್ಕೆ ದೊಡ್ಡಮಾವ ಬರುವವರಿದ್ದರು. ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆ ಕಬ್ಬು ತೆಗೆಸಿ ದ್ರಾಕ್ಷಿ ಹಚ್ಚಲು ನಿಂತಾಗ, "ಹೆಣ್ಮಗಳ ಹಟಕ್ಕ ಹೊಲಾ ಹಾಳಾಕ್ಕೈತಿ" ಎಂದು ಎದ್ದು ಹೋದ ಮಾವನ ಅಣ್ಣ ಅವರು. ಆಮೇಲೆ ಆ ತೋಟಕ್ಕೆ ಕಾಲಿಟ್ಟಿರಲಿಲ್ಲ. ಈ ಬೇಸಿಗೆಯಲ್ಲಿ ನಮ್ಮ ಹಣ್ಣು ಒಣಗಿಸುವ ಶೆಡ್ಡಿನಲ್ಲಿ ಮೊದಲ ಒಣದ್ರಾಕ್ಷಿ ಜೇನುಬಣ್ಣಕ್ಕೆ ತಿರುಗಿತ್ತು. ಭಾವನ ಎದುರು ತಲೆಯ ಸೆರಗು ಸರಿಪಡಿಸಿಕೊಂಡು ಸುಮ್ಮನಿರುವುದೇ ರೂಢಿಯಾಗಿದ್ದ ಅತ್ತೆ, ಹೇಳಬೇಕಾದುದನ್ನು ತಾಟಿನಲ್ಲಿ ಬಡಿಸಲು ಬಯಸಿದ್ದರು.

ಗೋಧಿಹಿಟ್ಟಿಗೆ ತುಪ್ಪ ತಿಕ್ಕಿ, ನಾದಿ, ತಟ್ಟೆಯೊಳಗೆ ಬಟ್ಟಲಿನಂತೆ ಕಟ್ಟಿ, ಮೊದಲು ಅದನ್ನಷ್ಟೇ ಓವನ್ನಿನಲ್ಲಿ ಬೇಯಿಸಿಕೊಂಡೆ. ಗಿಣ್ಣಕ್ಕೆ ಸಾದಾ ಹಾಲು, ಬೆಲ್ಲ, ಏಲಕ್ಕಿ ಕೂಡಿಸಿ, ನಮ್ಮ ದ್ರಾಕ್ಷಿ, ಗೋಡಂಬಿ, ಬಾದಾಮಿಗಳ ಮೇಲೆ ಸುರಿದು ಮತ್ತೆ ಒಳಗಿಟ್ಟೆ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ತುಳುಕುತ್ತಿದ್ದಾಗ ಕರೆಂಟು ಹೋಯಿತು.

"ಹೋತ್ರಿ ಅತ್ತಿ, ಎಲ್ಲಾ ಹೋತು" ಎಂದೆ, ಅಳುವೇ ಬಂದಿತ್ತು.

"ಏನೂ ಹೋಗಿಲ್ಲ. ಈಗ ಏನ್ ಬೇಕು ಹೇಳು."

"ಮ್ಯಾಲೂ ಕೆಳಗೂ ಸಣ್ಣ ಬಿಸಿ ಬೇಕ್ರಿ."

ಅವರು ಆಗಲೇ ಒಲೆಯಿಂದ ಕೆಂಡ ಎಳೆಯತೊಡಗಿದ್ದರು. ದಪ್ಪ ತಳದ ಪಾತೇಲಿಯಲ್ಲಿ ಮರಳು ಹಾಸಿ, ತಟ್ಟೆ ಇಳಿಸಿ, ಸಣ್ಣ ಉರಿಯ ಒಲೆಯ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹರವಿ, ಇಬ್ಬರೂ ಕಾದು ಕುಳಿತೆವು. ಬೆಲ್ಲ-ತುಪ್ಪದ ಘಮ ಎದ್ದಿತು. ಮುಚ್ಚಳ ತೆಗೆದರೆ ಮೈಯೆಲ್ಲ ಹೊಂಬಣ್ಣ. ಅಲ್ಲಲ್ಲಿ ಉಬ್ಬಿ ತಲೆಯೆತ್ತಿದ ದ್ರಾಕ್ಷಿ. ಅಲುಗಿಸಿದರೆ ನಡುವೆ ಸಣ್ಣದೊಂದು ನಡುಕ ಮಾತ್ರ.

ಹೆಮ್ಮೆಯನ್ನು ನಾವು ಬಲು ಬೇಗ ಅಹಂಕಾರದ ಪಂಕ್ತಿಯಲ್ಲಿ ಕೂರಿಸಿಬಿಡುತ್ತೇವೆ. ಆದರೆ ತಾನು ದುಡಿದುದನ್ನು ತಾನೇ ಮೆಚ್ಚಿಕೊಳ್ಳಲೂ ಹೆಣ್ಣು ಯಾರದೋ ಅಪ್ಪಣೆಗೆ ಕಾಯಬೇಕಾದ ಮನೆಯಲ್ಲಿ, ಹೆಮ್ಮೆಯೆಂಬುದು ತಡವಾಗಿ ದಕ್ಕಿದ ನ್ಯಾಯವೆಂದೇ ನನಗೆ ತೋರುತ್ತದೆ.

"ಇದೇನವಾ?" ಎಂದು ಊಟಕ್ಕೆ ಕುಳಿತ ದೊಡ್ಡಮಾವ ತಾಟಿನ ತುಂಡನ್ನು ನೋಡಿ ನನ್ನನ್ನು ಕೇಳಿದರು.

"ಪೈ ಅಂತಾರ್ರಿ."

"ಪೈ? ರೊಕ್ಕದ ಪೈ ಏನು?"

"ಬಾಯಿ ತೆರೆದ ಕಡಬ್ರಿ ಅದು" ಎಂಬ ದನಿ ಅಡುಗೆಮನೆಯ ಬಾಗಿಲಿಂದ ಬಂತು. ಅತ್ತೆ ಭಾವನೊಂದಿಗೆ ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೊಡ್ಡಮಾವ ತಿಂದರು, ಮತ್ತೊಂದು ತುಂಡು ಹಾಕಿಸಿಕೊಂಡರು. "ದ್ರಾಕ್ಷಿ ಪ್ಯಾಟ್ಯಾಗಿಂದೇನು?"

"ನಮ್ಮ ಹೊಲದ್ದ್ರಿ. ನಾನ ಹಚ್ಚಿದ್ದು. ಮಾಡಿದ ಕೈ ನನ್ನ ಸೊಸೀದು."

ದೊಡ್ಡಮಾವ ತಾಟನ್ನು ಬೆರಳಿನಿಂದ ಬಳಿದು ತಿಂದು, ಕೈತೊಳೆದು, ಟೋಪಿ ಹಾಕಿಕೊಂಡರು. ಹೊರಟೇಬಿಟ್ಟರೇನೋ ಎಂದುಕೊಂಡೆ. ಅಂಗಳದಲ್ಲಿ ಚಪ್ಪಲಿ ಮೆಟ್ಟಿ ಅತ್ತೆಯ ಕಡೆ ತಿರುಗಿ ನಿಂತರು.

"ನಡಿ ತಂಗಿ, ತ್ವಾಟಾ ತೋರ್ಸು."

ಯಾವಾಗಲೂ ಭಾವನ ಹಿಂದೆ ದೂರದಲ್ಲಿ ನಡೆಯುತ್ತಿದ್ದ ನಮ್ಮತ್ತೆ, ಅಂದು ಬಿಸಿಲಲ್ಲಿ ಅವರಿಗಿಂತ ಮುಂದೆ ನಡೆದರು.